ನಿಂಬೆಹಣ್ಣು ಕಟ್ಟಿದ ಬಲೂನು

ಭೌತಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನ್ನನ್ನು ನೋಡಲು ಬರುವ ಹೊಸ ಮೇಷ್ಟ್ರುಗಳು ಕೇಳುವ ಪ್ರಶ್ನೆ ಒಂದೇ: ಮಕ್ಕಳ ತಲೆಗೆ ವಿಜ್ಞಾನ ಹತ್ತುವ ಹಾಗೆ ಹೇಳಿಕೊಡುವುದು ಹೇಗೆ ಸಾರ್? ಗೊತ್ತಿಲ್ಲ ಎಂದರೆ ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ, ನಿಜವಾಗಿಯೂ ಗೊತ್ತಿಲ್ಲ. ಹಾಸನ ಜಿಲ್ಲೆಯ ತಾಲ್ಲೂಕು ತಾಲ್ಲೂಕು ಸುತ್ತಿ ಸೀಮೆಸುಣ್ಣ ಸವೆಸಿದವನು ನಾನು. ಬಡ್ತಿ, ಸನ್ಮಾನಗಳ ಕತೆ ಬೇಡ. ನನಗೆ ಇವತ್ತಿಗೂ ಅರ್ಥವಾಗದೆ ಉಳಿದಿರುವ ಒಂದು ಸಂಗತಿ ಇದೆ, ಅದನ್ನು ಬರೆಯುತ್ತೇನೆ. ಓದಿದವರಿಗೆ ಅರ್ಥವಾದರೆ ನನಗೂ ತಿಳಿಸಿ.

ನಮ್ಮದು ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನ. ತಾತ ಅರ್ಚಕರು, ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ತೊಂಬತ್ತರ ದಶಕದ ಮೊದಮೊದಲಲ್ಲಿ ನಾನು ಚನ್ನರಾಯಪಟ್ಟಣದ ಒಂದು ಜೂನಿಯರ್ ಕಾಲೇಜಿಗೆ ಸೇರಿದೆ. ಆಗಿನ ವಿಜ್ಞಾನ ಬೋಧನೆ ಎಂದರೆ ಗೈಡು ನೋಡಿ ಬೋರ್ಡಿನ ಮೇಲೆ ಬರೆಯುವುದು, ಬೋರ್ಡು ನೋಡಿ ಮಕ್ಕಳು ಬರೆದುಕೊಳ್ಳುವುದು. ಪ್ರಯೋಗಾಲಯದ ಬೀಗದ ಕೈ ಪ್ರಿನ್ಸಿಪಾಲರ ಜನಿವಾರದಲ್ಲಿ ನೇತಾಡುತ್ತಿತ್ತು. ಕೇಳಿದರೆ, "ಮುಟ್ಟಿದರೆ ಒಡೆಯುತ್ತೆ ಕಣ್ರೀ, ಒಡೆದರೆ ನಾನು ಉತ್ತರ ಹೇಳ್ಬೇಕು" ಎನ್ನುತ್ತಿದ್ದರು. ಅವರು ಸಂಸ್ಕೃತದವರು. ಒಳ್ಳೆಯ ಮನುಷ್ಯ, ಆದರೆ ಗಾಜಿನ ಸಾಮಾನು ಕಂಡರೆ ಹೆದರಿಕೆ.

ಆ ಬೀಗದ ಮೇಲಿನ ಸಿಟ್ಟಿಗೇ ನಾನು ಹವ್ಯಾಸಿ ರೇಡಿಯೋ ಕಲಿತದ್ದು. ಪರೀಕ್ಷೆ ಬರೆದು, ಲೈಸೆನ್ಸು ಬರುವವರೆಗೆ ಕಾದು, ಗೆಳೆಯರ ಸಹಾಯದಿಂದ ಒಂದು ಸೆಟ್ಟು ಜೋಡಿಸಿ, ಮನೆಯ ತಾರಸಿಯಿಂದ ಪಕ್ಕದ ತೆಂಗಿನಮರಕ್ಕೆ ತಂತಿ ಎಳೆದೆ. ಬೀದಿಯಲ್ಲಿ ಯಾರ ಮನೆ ಟಿವಿಯಲ್ಲಿ ಗೆರೆ ಬಂದರೂ ಅಂದಿನಿಂದ ನನ್ನ ಮನೆ ಬಾಗಿಲು ತಟ್ಟುತ್ತಿದ್ದರು. ಕರೆಂಟು ಹೋದರೂ ಒಮ್ಮೆ ಬಂದು ಕೇಳಿದರು.

ಮಕ್ಕಳನ್ನು ಮನೆಗೆ ಕರೆದು ಮೊದಲ ಸಲ ರೇಡಿಯೋ ಕೇಳಿಸಿದ ದಿನ ಚೆನ್ನಾಗಿ ನೆನಪಿದೆ. ಸಮುದ್ರದಾಚೆಯ ಯಾರೋ ಒಬ್ಬ ಪುಣ್ಯಾತ್ಮ ನನ್ನ ಕರೆಗೆ ಉತ್ತರಿಸಿದ. ನನಗೋ ಮೈಯೆಲ್ಲ ರೋಮಾಂಚನ. ಅವನು ತನ್ನ ಹೆಸರು, ಊರು ಹೇಳಿ, ನಿಮ್ಮ ಕಡೆ ಮಳೆ ಹೇಗಿದೆ ಎಂದು ಕೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಮೆಲ್ಲಗೆ ಅಂದ, "ಅಷ್ಟು ದೂರದಿಂದ ಕೂಗಿ ಮಳೆ ಬಂತಾ ಅಂತ ಕೇಳ್ತಾನಲ್ಲ ಸಾ, ನಮ್ಮಪ್ಪನೂವೆ ದಿನಾ ಅದನ್ನೇ ಕೇಳಾದು." ಅಯಾನುಮಂಡಲ, ಅಲೆಗಳ ಪ್ರತಿಫಲನ ಎಂದು ನಾನು ತಯಾರು ಮಾಡಿಟ್ಟುಕೊಂಡ ಪಾಠ ಗಂಟಲಲ್ಲೇ ಉಳಿಯಿತು. ಆದರೆ ಮಾರನೆಯ ದಿನ ಅದೇ ಹುಡುಗ ಇನ್ನಿಬ್ಬರನ್ನು ಕರೆದುಕೊಂಡು ಬಂದ.

ಎರಡು ಸಾವಿರದ ಇಸವಿ ಕಳೆದ ಮೇಲೆ ಅರಕಲಗೂಡು ತಾಲ್ಲೂಕಿನ ಅಂಚಿನಲ್ಲಿ, ಹೇಮಾವತಿ ಹೊಳೆಗೆ ಹತ್ತಿರವಿದ್ದ ಒಂದು ಜೂನಿಯರ್ ಕಾಲೇಜಿಗೆ ವರ್ಗವಾಯಿತು. ಹೊಳೆ ದಾಟಿದರೆ ಹೊಳೆನರಸೀಪುರದ ಕಡೆಯ ಹಳ್ಳಿಗಳು. ಕಾಲೇಜಿನ ಹೆಸರು ಬೇಡ. ಅಲ್ಲಿ ವಿಜ್ಞಾನ ವಿಭಾಗ ಇತ್ತು ಎನ್ನುವುದಕ್ಕೆ ಇತ್ತು, ಬೆಂಚುಗಳು ಮಾತ್ರ ಖಾಲಿ. ವಿಭಾಗ ಮುಚ್ಚಿ ಮಕ್ಕಳನ್ನು ಹಾಸನಕ್ಕೆ ಕಳಿಸುವುದು ಎಂದು ಇಲಾಖೆಯಲ್ಲಿ ಮಾತು ಎದ್ದಿತ್ತು. ಹಾಸನಕ್ಕೆ ಎಂದರೆ ಹುಡುಗರು ಹೋಗಿಯಾರು, ಹುಡುಗಿಯರು ಮನೆಯಲ್ಲಿ ಕೂರುತ್ತಾರೆ. ಮೊದಲನೇ ಪಿಯುಸಿಯಲ್ಲಿ ಶೋಭಾ ಎಂಬ ಹುಡುಗಿ ಇದ್ದಳು. ಮಲ್ಲಿಪಟ್ಟಣದ ಕಡೆಯ ಬೇಸಾಯದ ಮನೆಯವಳು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬೆಸುಗೆ ಕಡ್ಡಿ ಹಿಡಿದರೆ ನನಗಿಂತ ಅಚ್ಚುಕಟ್ಟು. ಹಾಸನದಲ್ಲಿ ನೆಂಟರಿಲ್ಲ, ಹಾಸ್ಟೆಲ್ಲಿಗೆ ಕಳಿಸುವುದಿಲ್ಲ ಎಂದು ಅವಳಪ್ಪ ಆಗಲೇ ಹೇಳಿಯಾಗಿತ್ತು. ವಿಭಾಗ ಮುಚ್ಚಿದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

ಇಲಾಖೆಯ ಉಪನಿರ್ದೇಶಕರು ಪರಿಶೀಲನೆಗೆ ಬಂದಾಗ ಮಕ್ಕಳನ್ನು ವಿಜ್ಞಾನದ ಕಡೆ ಸೆಳೆಯಲು ಬಲೂನು ಹಾರಿಸುವ ವಿಷಯ ಎತ್ತಿದೆ. ಬೆಂಗಳೂರಿನ ರೇಡಿಯೋ ಗೆಳೆಯರು ಹೀಲಿಯಂ ಕೊಡುತ್ತಾರೆ, ಅನುಮತಿಯನ್ನೂ ಅವರೇ ತರುತ್ತಾರೆ, ವಿಮಾನ ಹಾರುವುದಕ್ಕಿಂತ ಮೇಲಕ್ಕೆ ಮಕ್ಕಳು ಮಾಡಿದ ಪೆಟ್ಟಿಗೆ ಹೋಗುತ್ತದೆ, ಕ್ಯಾಮೆರಾ ಫೋಟೋ ತೆಗೆಯುತ್ತದೆ, ಬಲೂನು ಒಡೆದ ಮೇಲೆ ಪ್ಯಾರಾಚೂಟಿನಲ್ಲಿ ಕೆಳಗಿಳಿಯುತ್ತದೆ, ರೇಡಿಯೋ ಸದ್ದು ಹಿಡಿದು ನಾವು ಹುಡುಕುತ್ತೇವೆ ಎಂದೆ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಮೇಲಕ್ಕೆ ಬಿಡೋದು ಯಾರಿಗೂ ಬರುತ್ತೆ. ಹೋದದ್ದು ವಾಪಸ್ ಬರಬೇಕು. ಬಂದರೆ ನನ್ನ ಟೇಬಲ್ ಮೇಲೆ ತಂದಿಡಿ, ಇನ್ನೊಂದು ವರ್ಷ ಬಿಡ್ತೀನಿ. ಬರಲಿಲ್ಲ ಅಂದ್ರೆ ನನ್ನ ಕೇಳಬೇಡಿ."

ಮಕ್ಕಳು ಮೈಮುರಿದು ಕೆಲಸ ಮಾಡಿದರು. ಥರ್ಮೋಕೋಲಿನ ಪೆಟ್ಟಿಗೆ, ಒಳಗೆ ರೀಲು ಹಾಕುವ ಅಗ್ಗದ ಕ್ಯಾಮೆರಾ, ತಾನಾಗಿ ಗುಂಡಿ ಒತ್ತುವ ಒಂದು ಸರ್ಕ್ಯೂಟು, ಬೀಪ್ ಬೀಪ್ ಎಂದು ಸದ್ದು ಕಳಿಸುವ ಸಣ್ಣ ಟ್ರಾನ್ಸ್‌ಮಿಟರು. ಚಳಿ ಹೆಚ್ಚಿದಂತೆ ಆ ಬೀಪಿನ ಸ್ವರ ತಗ್ಗುವ ಹಾಗೆ ಶೋಭಾ ಜೋಡಿಸಿದ್ದಳು. ಬಿದ್ದ ಜಾಗದಲ್ಲಿ ಹುಡುಕಲು ಸುಲಭವಾಗಲಿ ಎಂದು ಕಿವಿಗೂ ಕೇಳುವ ಒಂದು ಬಝರ್ ಬೇರೆ. ಅವಳಮ್ಮನ ಹಳೆಯ ಕೆಂಪು ಸೀರೆ ಹರಿದು ಪ್ಯಾರಾಚೂಟು ಹೊಲಿದರು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿದೆವು: ಇದು ವಿಜ್ಞಾನದ ಪೆಟ್ಟಿಗೆ, ಸಿಕ್ಕವರು ದಯವಿಟ್ಟು ಕಾಲೇಜಿಗೆ ತಲುಪಿಸಿ. ತೂಕ ಇಳಿಸಬೇಕೆಂದು ನಾನು ದಾರದ ತುಂಡನ್ನೂ ಬಿಡದೆ ಕತ್ತರಿಸುತ್ತಿದ್ದೆ.

ಬಲೂನು ಮೂಡಲಿಗೆ ತೇಲುತ್ತದೆ ಎಂಬ ಲೆಕ್ಕದಲ್ಲಿ ಪಡುವಲ ಕಡೆಯ ಮಲ್ಲಿಪಟ್ಟಣದಲ್ಲಿ ಬಿಡುವುದು ಎಂದಾಯಿತು. ಬೆಳಿಗ್ಗೆ ಮೈದಾನದಲ್ಲಿ ಬಲೂನು ಉಬ್ಬುತ್ತಿರುವಾಗ ಮಂಜುನಾಥ ಎಂಬ ಹುಡುಗ ಕೇಳಿದ, "ಪೂಜೆ ಮಾಡ್ದೆ ಬಿಡಾದಾ ಸಾ?"

ನಮ್ಮ ಕಡೆ ಹೊಸ ಟ್ರ್ಯಾಕ್ಟರಿಗೆ ಪೂಜೆ, ಬೋರ್‌ವೆಲ್ಲಿಗೆ ಪೂಜೆ, ಸೈಕಲ್ಲಿಗೂ ಪೂಜೆ. ಬೇಡ ಎನ್ನುವುದಕ್ಕೆ ನನ್ನ ಹತ್ತಿರ ಕಾರಣ ಇತ್ತು, ಆದರೆ ಈ ಕಾಲೇಜಿನ ಪ್ರಿನ್ಸಿಪಾಲರು ಮೊದಲೇ ಬಾಯಿ ಹಾಕಿದರು, "ದೇವಸ್ಥಾನದ ಮನೆಯವರು ನೀವು, ಎರಡು ಮಂತ್ರ ಹೇಳಿಬಿಡಿ." ಅರಿಸಿನ ಬಂತು, ಕುಂಕುಮ ಬಂತು, ಯಾರೋ ಬೇವಿನ ಸೊಪ್ಪಿನ ಕಡ್ಡಿ ಸಿಕ್ಕಿಸಿದರು, ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು ಕಟ್ಟಿದರು. ಎಲ್ಲರೂ ಒಂದೊಂದು ಬೆರಳು ಕುಂಕುಮ ಹಚ್ಚುವಷ್ಟರಲ್ಲಿ ಆ ಚೀಟಿ ಇತ್ತೋ ಇಲ್ಲವೋ ಕಾಣಲಿಲ್ಲ. ದಾರದ ತುಂಡು ಕತ್ತರಿಸಿದ ನಾನೇ ನಿಂಬೆಹಣ್ಣಿನ ತೂಕ ಮರೆತು ಮಂತ್ರ ಹೇಳುತ್ತ ನಿಂತಿದ್ದೆ.

ಬಲೂನು ಏರಿತು. ಗೊರೂರಿನ ದಿಬ್ಬದ ಮೇಲೆ ಒಂದು ಗುಂಪು, ಚನ್ನರಾಯಪಟ್ಟಣದಲ್ಲಿ ನನ್ನ ಹಳೆಯ ಶಿಷ್ಯರ ಒಂದು ಗುಂಪು, ವ್ಯಾನಿನಲ್ಲಿ ನಾನು, ಶೋಭಾ, ಮಂಜುನಾಥ. ಮೂರು ಕಡೆಯಿಂದ ಆಂಟೆನಾ ತಿರುಗಿಸಿ ಸದ್ದು ಯಾವ ದಿಕ್ಕಿಗೆ ಜೋರೋ ಆ ದಿಕ್ಕಿಗೆ ನಕ್ಷೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವ ಕಡೆ ಬಲೂನು. ಬೀಪಿನ ಸ್ವರ ಇಳಿಯುತ್ತಾ ಹೋಯಿತು. ಮೇಲೆ ಹೋದಷ್ಟೂ ಚಳಿ ಎಂದು ನಾನು ಪಾಠ ಮಾಡಿದ್ದೆ, ಸರಿಯಾಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಸ್ವರ ಏರತೊಡಗಿತು.

"ಸಾ, ಮೇಲೆ ಬೆಚ್ಚಗಾಯ್ತಾ ಅದೆ," ಎಂದಳು ಶೋಭಾ.

"ಬ್ಯಾಟರಿ ಕೆಟ್ಟಿರಬೇಕು," ಎಂದೆ ನಾನು. ಒಂದು ಎತ್ತರ ದಾಟಿದ ಮೇಲೆ ಗಾಳಿ ನಿಜವಾಗಿಯೂ ಬೆಚ್ಚಗಾಗುತ್ತದೆ ಎಂಬುದನ್ನು ನಾನು ಓದಿದ್ದೆ, ಪಾಸಾಗಿದ್ದೆ, ಪಾಠವನ್ನೂ ಮಾಡಿದ್ದೆ. ಕಿವಿಗೆ ಕೇಳಿದಾಗ ನಂಬಲಾಗಲಿಲ್ಲ.

ಬಲೂನು ಒಡೆಯಿತು, ಪೆಟ್ಟಿಗೆ ಇಳಿಯಿತು. ಹೊಳೆಯಾಚೆ, ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವಿನ ಹಳ್ಳಿಗಳ ಕಡೆ ಗೆರೆಗಳು ಕೂಡಿದವು. ನೆಲಕ್ಕೆ ಬಿದ್ದ ಮೇಲೆ ದೂರದವರಿಗೆ ಸದ್ದು ಕೇಳುವುದಿಲ್ಲ, ಹತ್ತಿರ ಹೋದವರಿಗೆ ಮಾತ್ರ. ನಾವು ವ್ಯಾನು ಓಡಿಸಿಕೊಂಡು ಹೋದೆವು. ಸದ್ದು ಸಿಕ್ಕಿತು. ಒಂದು ರಾಗಿ ಹೊಲದಾಚೆಯ ತೆಂಗಿನ ತೋಟದ ಕಡೆ ತೋರಿಸಿತು. ಬದುಗಳ ಮೇಲೆ ಓಡಿ ಅಲ್ಲಿಗೆ ಹೋದರೆ ಸದ್ದು ಇನ್ನೂ ಮುಂದೆ, ತೆಂಕಲಿಗೆ. ತೆಂಕಲಿಗೆ ಹೋದರೆ ಅಲ್ಲೂ ಇಲ್ಲ, ಇನ್ನೊಂದು ಊರಿನಾಚೆಗೆ ತೋರಿಸುತ್ತದೆ.

ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ತೆಂಗಿನ ಗರಿಯಿಂದ ಅಲೆ ಪ್ರತಿಫಲನ ಆಗುತ್ತಿದೆ ಎಂದೆ. ಶಾಲೆಯ ತಗಡಿನ ಚಾವಣಿಯಿಂದ ಎಂದೆ. ವಿದ್ಯುತ್ ತಂತಿ ಎಂದೆ. ಒಂದೊಂದು ಕಾರಣ ಹೇಳಿದಾಗಲೂ ಮಂಜುನಾಥ ಹೂಂ ಸಾ ಎನ್ನುತ್ತಿದ್ದ, ಅದು ಇನ್ನೂ ಸಿಟ್ಟು ಬರಿಸುತ್ತಿತ್ತು. ಮಧ್ಯಾಹ್ನ ಇಳಿಯಿತು. ದಾರಿಯಲ್ಲಿ ಸಿಕ್ಕವರನ್ನೆಲ್ಲ, ಮೇಲಿಂದ ಪೆಟ್ಟಿಗೆ ಬಿದ್ದದ್ದು ನೋಡಿದಿರಾ ಎಂದು ಕೇಳಿದೆವು. ಯಾರೂ ನೋಡಿಲ್ಲ. ಬ್ಯಾಟರಿ ಸಂಜೆಯವರೆಗೆ ಬಂದರೆ ಹೆಚ್ಚು. ಅದು ನಿಂತರೆ ಪೆಟ್ಟಿಗೆ ಹೋಯಿತು, ಪೆಟ್ಟಿಗೆ ಹೋದರೆ ವಿಭಾಗ ಹೋಯಿತು. ಶೋಭಾ ಆಂಟೆನಾ ಹಿಡಿದ ಕೈ ಇಳಿಸಿರಲೇ ಇಲ್ಲ.

ಒಂದು ಕಟ್ಟೆಯ ಮೇಲೆ ಕೂತಾಗ ಅವಳು ಹೇಳಿದಳು, "ಸಾ, ಇದು ನಡೀತಾ ಅದೆ."

"ಯಾವುದು?"

"ಪೆಟ್ಟಿಗೆ. ನೋಡಿ, ಒಸಿ ಹೊತ್ತು ನಿಂತ್ಕತದೆ, ಆಮೇಕೆ ಸರೀತದೆ. ಆಳು ಹೊತ್ಕೊಂಡು ನಡ್ದಂಗೆ." ನನ್ನ ಕಡೆ ತಿರುಗಿ ಮತ್ತೆ ಅಂದಳು, "ಸಾ, ಕೆಂಪು ಸೀರೆ, ಬೇವಿನ ಸೊಪ್ಪು, ನಿಂಬೆಹಣ್ಣು. ನಮ್ಮೂರ ಹೊಲದಾಗೆ ಬಿದ್ದಿದ್ರೆ ನಮ್ಮಜ್ಜಿ ಏನನ್ನೋಳು ಗೊತ್ತಾ?"

ಆಗ ನನಗೆ ಹೊಳೆಯಿತು. ಊರಿಗೆ ಕಾಯಿಲೆ ಕಸಾಲೆ ಬಂದಾಗ ಮಾರಿಗೆ ಪೂಜೆ ಮಾಡಿ, ಆ ಸಾಮಾನನ್ನೆಲ್ಲ ಬಿದಿರಿನ ಮಂಕರಿಯಲ್ಲಿಟ್ಟು ಊರ ಗಡಿಯಾಚೆ ಬಿಟ್ಟು ಬರುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆಚೆ ಊರಿನವರು ಅದನ್ನು ಬಿಚ್ಚಬಾರದು. ದೀಪ ಹಚ್ಚುವುದರೊಳಗೆ ತಮ್ಮ ಗಡಿಯನ್ನೂ ದಾಟಿಸಬೇಕು. ಹಿಂದಕ್ಕಂತೂ ತರಲೇಬಾರದು. ನಮ್ಮ ಪೆಟ್ಟಿಗೆ ಬಿದ್ದ ಊರಿನವರು ಪಕ್ಕದೂರಿನವರು ತಮ್ಮ ಮೇಲೆ ಮಾರಿ ಸಾಗಿಸಿದ್ದಾರೆ ಅಂದುಕೊಂಡು ಮುಂದಿನೂರಿಗೆ ಬಿಟ್ಟಿದ್ದರು. ಅವರು ಅದರ ಮುಂದಿನೂರಿಗೆ. ಕೇಳಿದರೆ ಯಾರು ಹೇಳುತ್ತಾರೆ? ನಾವು ಕೇಳಿದ್ದು ಮೇಲಿಂದ ಬಿದ್ದ ಪೆಟ್ಟಿಗೆಯನ್ನು, ಅವರು ಕಂಡದ್ದು ಗಡಿಯಲ್ಲಿ ಇಟ್ಟ ಮಾರಿಯನ್ನು.

"ಈ ದಿಕ್ಕಿಗೆ ಹೋದ್ರೆ ಕೊನೆಗೆ ಎಲ್ಲಿಗೆ ಹೋಗುತ್ತೆ?" ಎಂದೆ.

"ಹೊಳೆಗೆ," ಎಂದ ಮಂಜುನಾಥ. "ಹೊಳೆಗೆ ಬಿಟ್ಬುಡ್ತಾರೆ ಸಾ."

ವ್ಯಾನು ಹೊಳೆ ದಂಡೆಗೆ ಬಂದಾಗ ಅಲ್ಲಿ ಊರಿನ ಹತ್ತಾರು ಜನ ಸೇರಿದ್ದರು. ನಡುವೆ ಮಂಕರಿ, ಅದರಲ್ಲಿ ನಮ್ಮ ಪೆಟ್ಟಿಗೆ, ಇನ್ನೂ ಬಝರ್ ಕೂಗುತ್ತಿತ್ತು. ಊರಿನ ಯಜಮಾನರು ಕಾಳೇಗೌಡರು, ತಲೆಗೆ ಟವಲ್ಲು ಸುತ್ತಿಕೊಂಡು ದೊಣ್ಣೆ ಊರಿ ನಿಂತಿದ್ದರು. ನಾನು ಏದುಸಿರಿನಲ್ಲಿ, ಇದು ಮಾರಿಯಲ್ಲ, ನಮ್ಮ ಕಾಲೇಜಿನ ಮಕ್ಕಳು ಮಾಡಿದ ವಿಜ್ಞಾನದ ಪೆಟ್ಟಿಗೆ, ಆಕಾಶಕ್ಕೆ ಹೋಗಿ ಬಂದಿದೆ ಎಂದು ವಿವರಿಸಿದೆ.

ಅವರು ಸಮಾಧಾನವಾಗಿ ಕೇಳಿಸಿಕೊಂಡರು. "ಅರಿಸಿನ ಕುಂಕುಮ ಬಳ್ದೋರು ಯಾರು?"

"ನಾವೇ."

"ಬೇವಿನ ಸೊಪ್ಪು, ನಿಂಬೆಅಣ್ಣು?"

"ಅದೂ ನಾವೇ."

"ಮಂತ್ರ ಏಳಿದ್ರಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೇಳಿದೆ."

"ಎಲ್ಲಾನೂ ನೀವೇ ಮಾಡ್ಬುಟ್ಟು, ಈಗ ಬಂದು ಇದು ಮಾರಿ ಅಲ್ಲ ಅಂದ್ರೆ ಎಂಗೆ ಮೇಷ್ಟ್ರೇ? ಅಂಗಾರೆ ಪೂಜೆ ಯಾಕೆ ಮಾಡುದ್ರಿ?"

ವರ್ಷಗಟ್ಟಲೆ ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ಹೇಳುತ್ತಾ ಬಂದವನು ನಾನು, ಇವರು ಕೇಳಿದಾಗ ಬಝರಿನ ಕಡೆ ಕೈ ತೋರಿಸಿ ಬ್ಯಾಟರಿ, ಟ್ರಾನ್ಸ್‌ಮಿಟರು ಎಂದು ಬೇರೆಯೇ ಶುರು ಮಾಡಿದೆ. ಒಳಗಿನ ಬೀಪಿಗೆ ಹೆದರಿದ ಒಬ್ಬ ಹೆಂಗಸು, "ಉಸ್ರಾಡ್ತಾ ಅದೆ ಕಣಪ್ಪ, ಬೇಗ ಬಿಡ್ರೋ ನೀರಿಗೆ" ಎಂದಳು. ಇಬ್ಬರು ಮಂಕರಿ ಎತ್ತಿದರು.

ಶೋಭಾ ಮುಂದೆ ಹೋದಳು. "ಅಜ್ಜ, ನಾವೇ ಕಳ್ಸಿದ್ದು, ನಾವೇ ತಗೊಂಡೋಗ್ತೀವಿ."

"ಆಗಾಕಿಲ್ಲ ಮಗಾ. ದಾಟಿಸಿದ್ದನ್ನ ವಾಪಸ್ ತರಂಗಿಲ್ಲ. ನೀವು ಒತ್ಕೊಂಡು ಓಗಾದೂ ನಮ್ಮೂರ ಮೇಲೇ ತಾನೆ?"

ಅವಳು ಹೊಳೆಯ ಕಡೆ ನೋಡಿದಳು. "ಅಜ್ಜ, ಹೊಳೆ ನಡುಮಧ್ಯ ಯಾವೂರ ಗಡಿ?"

ಕಾಳೇಗೌಡರು ಯೋಚಿಸಿದರು. ಸುತ್ತ ನಿಂತವರ ಮುಖ ನೋಡಿದರು. "ಯಾವೂರ್ದೂ ಅಲ್ಲ. ಅದು ಒಳೇದು."

"ಅಂಗಾರೆ ಅಲ್ಲಿ ಬಿಚ್ಚಿದ್ರೆ ಯಾವೂರಿಗೂ ಏನೂ ಆಗಲ್ಲ ಅಲ್ವಾ? ಒಳಗಿರಾದು ತಗೊಂಡು ಆ ಕಡೆ ದಡಕ್ಕೆ ನಾವು ಹೊರಟೋಗ್ತೀವಿ. ಅದೇ ನಮ್ ಕಾಲೇಜಿನ ದಡ. ಪೆಟ್ಟಿಗೆ ನೀವು ಬಿಟ್ಬುಡಿ."

ಜನ ತಮ್ಮತಮ್ಮಲ್ಲೇ ಗೊಣಗಿಕೊಂಡರು. ಕಡೆಗೆ ಕಾಳೇಗೌಡರು ಹರಿಗೋಲಿನವನನ್ನು ಕೂಗಿದರು. ತಾವೂ ಹತ್ತಿದರು, ನಾವು ಅಲ್ಲೇ ಮೋಸ ಮಾಡಿಬಿಟ್ಟೇವು ಎಂಬ ಅನುಮಾನ ಇದ್ದೀತು. ಹೊಳೆಯ ನಡುವೆ ಹರಿಗೋಲು ಮೆಲ್ಲಗೆ ಸುತ್ತುತ್ತಿರುವಾಗ ಶೋಭಾ ಪೆಟ್ಟಿಗೆಯ ಮುಚ್ಚಳ ತೆಗೆದಳು. ತಂತಿ ಕಿತ್ತಳು, ಬಝರ್ ನಿಂತಿತು. ಕ್ಯಾಮೆರಾ, ಟ್ರಾನ್ಸ್‌ಮಿಟರು, ಬ್ಯಾಟರಿ ಎಲ್ಲ ತೆಗೆದು ಮಡಿಲಲ್ಲಿ ಹಾಕಿಕೊಂಡಳು. ಕಾಳೇಗೌಡರು ಬಗ್ಗಿ ಒಳಗೆ ನೋಡಿದರು.

"ಇಷ್ಟೇಯಾ?" ಎಂದರು. ಅವರ ದನಿಯಲ್ಲಿ ನಿರಾಸೆಯಿತ್ತು.

ಖಾಲಿ ಪೆಟ್ಟಿಗೆಯನ್ನು ಕುಂಕುಮ, ನಿಂಬೆಹಣ್ಣಿನ ಸಮೇತ ನೀರಿಗೆ ಬಿಟ್ಟರು, ಕೈಮುಗಿದರು. ನಾನೂ ಮುಗಿದೆ. ಯಾವುದಕ್ಕೆ ಮುಗಿದೆನೋ ತಿಳಿಯದು.

ರೀಲು ತೊಳೆಸಿದಾಗ ಹೆಚ್ಚಿನ ಫೋಟೋಗಳು ಬರೀ ಬಿಳಿ. ಒಂದರಲ್ಲಿ ಮಾತ್ರ ಒಂದು ಕಡೆ ಕಪ್ಪು, ನಡುವೆ ತೆಳು ನೀಲಿಯ ಬಾಗಿದ ಅಂಚು, ಇನ್ನೊಂದು ಕಡೆ ಮೋಡವೋ ಮಂಜೋ. ಶೋಭಾಳನ್ನೂ ಕರೆದುಕೊಂಡು ಹೋಗಿ ಅದನ್ನು ಉಪನಿರ್ದೇಶಕರ ಟೇಬಲ್ ಮೇಲೆ ಇಟ್ಟೆ. ಅವರು ಹೀಗೆ ತಿರುಗಿಸಿ ನೋಡಿದರು, ಹಾಗೆ ತಿರುಗಿಸಿ ನೋಡಿದರು.

"ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?"

ಪೆಟ್ಟಿಗೆ ಎಷ್ಟು ಓಲಾಡಿತ್ತೋ ಯಾರಿಗೆ ಗೊತ್ತು. "ಖಚಿತವಾಗಿ ಹೇಳಲಾರೆ ಸಾರ್," ಎಂದೆ. ಶೋಭಾ ಮುಂದೆ ಬಂದು ಫೋಟೋ ಸರಿಯಾಗಿ ಹಿಡಿದು ತೋರಿಸಿದಳು, ಮೇಲೆ ಹೋದರೆ ಮತ್ತೆ ಬೆಚ್ಚಗಾಗುತ್ತದೆ ಎಂದು ಬೀಪಿನ ವಿಷಯವನ್ನೂ ಹೇಳಿದಳು. ಅವರು ಒಂದು ವರ್ಷ ಕೊಟ್ಟರು.

ಆಮೇಲೆ ಎಲ್ಲವೂ ಬದಲಾಯಿತು. ಮೊಬೈಲ್ ಬಂತು, ಕಂಪ್ಯೂಟರ್ ಬಂತು, ಈಗ ಪೆಟ್ಟಿಗೆ ತಾನೆಲ್ಲಿದ್ದೇನೆ ಎಂದು ತಾನೇ ಹೇಳುತ್ತದೆ. ಗೆರೆ ಎಳೆಯುವ ಕೆಲಸವೇ ಇಲ್ಲ. ಶೋಭಾ ಸಾಲಗಾಮೆಯ ಕಡೆ ವಿಜ್ಞಾನದ ಮೇಡಂ ಆಗಿದ್ದಾಳೆ, ಅವಳೂ ಬಲೂನು ಬಿಡಿಸುತ್ತಾಳೆ. ಪೂಜೆ ಮಾಡುತ್ತೀಯಾ ಎಂದು ಒಮ್ಮೆ ಫೋನಿನಲ್ಲಿ ಕೇಳಿದೆ. "ಮಾಡ್ತೀನಿ ಸಾ. ಚೀಟಿ ಮೇಲೆ ಮಾತ್ರ ಕುಂಕುಮ ಹಚ್ಚಕ್ಕೆ ಬಿಡಲ್ಲ," ಎಂದಳು.

ನನಗೆ ಅರ್ಥವಾಗದ್ದು ಇದಲ್ಲ, ಆ ವರ್ಷದ ಜೂನ್ ತಿಂಗಳು. ಫೋಟೋವನ್ನು ದೊಡ್ಡದು ಮಾಡಿಸಿ ನಮ್ಮ ಸುತ್ತಿನ ಹೈಸ್ಕೂಲುಗಳಿಗೆಲ್ಲ ತೋರಿಸಿ ಬಂದಿದ್ದೆ. ಆ ಊರುಗಳಿಂದ ಬಂದವರು ಕೆಲವರು. ಬೆಂಚು ತುಂಬಿದ್ದು ಹೊಳೆಯಾಚೆಯ ಹಳ್ಳಿಗಳಿಂದ, ಫೋಟೋ ಕಾಣದವರಿಂದ, ನಮ್ಮ ಪೆಟ್ಟಿಗೆಯನ್ನು ಗಡಿಯಿಂದ ಗಡಿಗೆ ಸಾಗಿಸಿದ್ದ ಊರುಗಳಿಂದ. ಹತ್ತಿರದ ಕಾಲೇಜು ಬಿಟ್ಟು ಇಲ್ಲಿಗ್ಯಾಕೆ ಎಂದು ಒಬ್ಬ ರೈತನನ್ನು ಕೇಳಿದೆ. "ಆ ಪೆಟ್ಟಿಗೆ ನಾನೇ ಒತ್ಕೊಂಡು ಓಗಿದ್ದು ಸಾ. ಬಿಚ್ಚಂಗಿರ್ನಿಲ್ಲ. ಒಳಗೇನಿತ್ತು ಅಂತ ನನ್ ಮಗ್ಳಾದ್ರೂ ತಿಳ್ಕಳ್ಳಿ," ಎಂದ. ವಿಜ್ಞಾನ ಅವರನ್ನು ಕರೆತಂದಿತೋ, ಮಾರಿ ಕರೆತಂದಳೋ, ಯಾರಾದರೂ ತಿಳಿದವರು ಹೇಳಬೇಕು.

ದಾಖಲಾತಿಯ ಕೊನೆಯ ದಿನ ಕಾಳೇಗೌಡರು ಬಂದರು. ಹರಿಗೋಲಿನಲ್ಲಿ ಹೊಳೆ ದಾಟಿ, ಗದ್ದೆ ಬದುವಿನ ಮೇಲೆ ನಡೆದು ಬಂದಿದ್ದರು. ಹಿಂದೆ ಎರಡು ಜಡೆಯ ಮೊಮ್ಮಗಳು. ಓದಲು ಅವರೂರ ಗಡಿ ದಾಟಿದ ಹುಡುಗಿ ಅವಳೇ ಮೊದಲು ಎಂದು ಆಮೇಲೆ ತಿಳಿಯಿತು. ಸೈನ್ಸಿಗೆ ಸೇರಿಸಿಕೊಳ್ಳಿ ಎಂದರು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆಯೇ, ನಡುವೆ ಬಿಡಿಸಿ ಕರೆದುಕೊಂಡು ಹೋಗುವುದಿಲ್ಲ ತಾನೆ ಎಂದು ಕೇಳಿದೆ. ಅವರು ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಒಂದು ಹೆಜ್ಜೆ ಮುಂದಕ್ಕೆ ಬಿಟ್ಟರು.

"ದಾಟಿಸಿವ್ನಿ ಮೇಷ್ಟ್ರೇ. ದಾಟಿಸಿದ್ದನ್ನ ವಾಪಸ್ ತರಂಗಿಲ್ಲ."